867 ಅಂತ ಬರೆದಿರೋ ಡಿಶ್‌ನಲ್ಲಿ 30 ಎಂಬಿಪಿಎಸ್ ಕೂಡ ನಿಲ್ತಿಲ್ಲ, ಸಹಾಯ ಬೇಕು

ತೋಟದಮನೆ_ಶಿರಸಿ: ಪೇಟೆ ಮನೆ ಟೆರೇಸಿಂದ ತೋಟದ ಮನೆಗೆ ಎರಡು ವೈಫೈ ಡಿಶ್ ಹಾಕಿ ನೆಟ್ ಲಿಂಕ್ ಮಾಡಿದ್ದೇನೆ. ಸಿಗ್ನಲ್ -71 ಡಿಬಿಎಂ (ಸೊನ್ನೆಗೆ ಹತ್ರ ಬಂದಷ್ಟೂ ಬಲ), ಹಸಿರು ಬಣ್ಣದಲ್ಲೇ ಇದೆ. ಡಬ್ಬದ ಮೇಲೆ 867 ಅಂತಿದೆ, ಸ್ಪೀಡ್ ಟೆಸ್ಟ್ 30ರ ಹತ್ರ ಬಂದು ಬಿದ್ದುಹೋಗುತ್ತೆ. ಪೇಟೆಯಲ್ಲಿ ಫೈಬರ್ 200 ಪೂರ್ತಿ ಬರ್ತಿದೆ. ರೀಸೆಟ್ ಮಾಡಿ ಮಾಡಿ ಸಾಕಾಗಿದೆ. ಏನು ಮಾಡಲಿ?

ಕೇಬಲ್_ಗುರು: ಪಿಓಇ ಅಡಾಪ್ಟರ್ (ನೆಟ್ ಕೇಬಲ್‌ನಲ್ಲೇ ಡಿಶ್‌ಗೆ ಕರೆಂಟ್ ಕೊಡೋದು) 100 ಎಂಬಿಪಿಎಸ್‌ದು ಇರುತ್ತೆ ಸರ್. ಗಿಗಾಬಿಟ್ ಹಾಕಿ, ಸರಿಹೋಗುತ್ತೆ.

ಡಿಬಿಎಂ: 100ರ ಪೋರ್ಟ್ ಆದ್ರೆ 94ರ ತನಕ ಬರಬೇಕಲ್ಲ, 30ಕ್ಕೆ ಯಾಕೆ ನಿಲ್ಲುತ್ತೆ? ದೂರ ಎಷ್ಟು, ಚಾನೆಲ್ ಅಗಲ ಎಷ್ಟು, ಆಂಟೆನಾ ಗೇನ್ (ಸಿಗ್ನಲನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸೋ ಶಕ್ತಿ, ಡಿಬಿಐ ಲೆಕ್ಕ) ಎಷ್ಟು? ಇವು ಗೊತ್ತಿಲ್ಲದೆ -71 ಒಳ್ಳೇದೋ ಕೆಟ್ಟದ್ದೋ ಹೇಳೋಕಾಗಲ್ಲ.

ಕೇಬಲ್_ಗುರು: ಕೇಬಲ್‌ನಲ್ಲಿ ಒಂದು ಜೋಡಿ ತಂತಿ ಸಡಿಲ ಇದ್ರೆ 30 ಬರಬಹುದು. ಮೊದಲು ಕ್ರಿಂಪ್ (ಕೇಬಲ್ ತುದಿಯ ಪಿನ್ ಜೋಡಣೆ) ನೋಡಿ.

ತೋಟದಮನೆ_ಶಿರಸಿ: ಎರಡೂ ಕಡೆ ಗಿಗಾಬಿಟ್ಟೇ, ಲೈಟ್ ನೋಡಿದ್ದೇನೆ. ದೂರ 2 ಕಿಮೀ. 23 ಡಿಬಿಐ ಡಿಶ್, ಪವರ್ 13 ಡಿಬಿಎಂ, ಚಾನೆಲ್ ಅಗಲ 80 ಮೆಗಾಹರ್ಟ್ಸ್.

ಕುಂದಾಪ್ರ_ಲಿಂಕ್: ಪವರ್ 13 ಇಟ್ಕೊಂಡು ಕೂತ್ರೆ ಹೇಗೆ ಮಾರಾಯ್ರೇ! 27ಕ್ಕೆ ಏರಿಸಿ. ನಾನು ಹೊಳೆ ಆಚೆ 9 ಕಿಮೀ ಹೊಡೀತಿದ್ದೇನೆ, 30 ಡಿಬಿಐ ಡಿಶ್, ಕಂಬವೂ ನಾವೇ ವೆಲ್ಡ್ ಮಾಡಿದ್ದು. ಮಳೆಗಾಲದಲ್ಲೂ ಕದಲಿಲ್ಲ.

ಡಿಬಿಎಂ: ದಯವಿಟ್ಟು ಏರಿಸಬೇಡಿ. 5725–5875 ಮೆಗಾಹರ್ಟ್ಸ್‌ಗೆ 2018ರಿಂದ ಲೈಸೆನ್ಸ್ ಬೇಡ ನಿಜ, ಆದ್ರೆ ಆಂಟೆನಾ ಗೇನ್ ಸೇರಿ 36 ಡಿಬಿಎಂ ದಾಟಬಾರದು. 13 + 23 ಅಂದ್ರೆ ಅಲ್ಲಿಗೇ 36.

ಈಗ ಲೆಕ್ಕ. 5.8 ಗಿಗಾಹರ್ಟ್ಸ್‌ನಲ್ಲಿ 2 ಕಿಮೀಗೆ ಖಾಲಿ ಬಯಲಿನ ನಷ್ಟ ಸುಮಾರು 114 ಡಿಬಿ. 13 + 23 + 23 - 114 = -55. ನಿಮಗೆ ಬರಬೇಕಿದ್ದದ್ದು ಅದು, ಬಂದಿರೋದು -71. 16 ಡಿಬಿ ದಾರಿಯಲ್ಲಿ ಎಲ್ಲೋ ಹೋಗ್ತಿದೆ.

802.11ಎಸಿ ವೈಫೈ ಮಾನದಂಡದ ಪ್ರಕಾರ 80 ಮೆಗಾಹರ್ಟ್ಸ್‌ನಲ್ಲಿ ಎಂಸಿಎಸ್ (ವೇಗದ ಮೆಟ್ಟಿಲು) 9, ಅಂದ್ರೆ ನಿಮ್ಮ 867, ಹಿಡಿಯೋಕೆ ರಿಸೀವರ್‌ಗೆ ಕನಿಷ್ಠ -51 ಬೇಕು. -71ಕ್ಕೆ ಸಿಗೋದು ಎಂಸಿಎಸ್ 2, ಎರಡು ಸ್ಟ್ರೀಮಿಗೆ (ಒಟ್ಟಿಗೆ ಹೋಗೋ ಎರಡು ಡೇಟಾ ಧಾರೆ) 195 ಎಂಬಿಪಿಎಸ್. ಒಳ್ಳೆ ರೇಡಿಯೋ ಇದಕ್ಕಿಂತ ಕೆಲವು ಡಿಬಿ ಚುರುಕಾಗಿರುತ್ತೆ, ನಿಮ್ಮ ಮಾಡೆಲ್‌ನ ಡೇಟಾಶೀಟ್‌ನಲ್ಲಿ ಸೆನ್ಸಿಟಿವಿಟಿ ಪಟ್ಟಿ ನೋಡಿ. ಕೈಗೆ ಸಿಗೋ ವೇಗ ಇದರ ಅರ್ಧದ ಆಸುಪಾಸು. ಹಾಗಾದ್ರೂ 90 ಬರಬೇಕಿತ್ತು. ಚೈನ್ 0, ಚೈನ್ 1 (ಡಿಶ್ ಒಳಗಿನ ಎರಡು ರೇಡಿಯೋ ದಾರಿ, ಒಂದು ಲಂಬ, ಒಂದು ಅಡ್ಡ) ಬೇರೆ ಬೇರೆ ಎಷ್ಟು ತೋರಿಸುತ್ತೆ?

ಕೇಬಲ್_ಗುರು: ನಾನಿನ್ನೂ ಕೇಬಲ್ ಅಂತಲೇ ಹೇಳ್ತೀನಿ.

ತೋಟದಮನೆ_ಶಿರಸಿ: ಚೈನ್ 0 -71, ಚೈನ್ 1 -84. ಮಧ್ಯೆ ಪಕ್ಕದವರ ಅಡಿಕೆ ತೋಟ ಇದೆ, ಆದ್ರೆ ಡಿಶ್ ಬರಿಗಣ್ಣಿಗೆ ಕಾಣುತ್ತೆ.

ಡಿಬಿಎಂ: ಇದನ್ನ ಮೊದಲೇ ಹೇಳಿದ್ರೆ ಅರ್ಧ ದಿನ ಉಳೀತಿತ್ತು! ಎರಡು ಚೈನ್ ನಡುವೆ 3 ಡಿಬಿಗಿಂತ ಜಾಸ್ತಿ ಅಂತರ ಇರಬಾರದು, ನಿಮ್ಮದು 13. ಎರಡನೇ ಸ್ಟ್ರೀಮ್ ಸತ್ತ ಹಾಗೆಯೇ. 195 ಹೋಗಿ 97 ಆಯ್ತು, ಅದರಲ್ಲಿ ನಿಮಗೆ 30–40.

ಕಣ್ಣಿಗೆ ಕಂಡ್ರೆ ಸಾಲದು. ನಿಮ್ಮ ಲಿಂಕ್‌ನ ನಟ್ಟನಡುವೆ ಫ್ರೆನೆಲ್ ವಲಯದ (ಸಿಗ್ನಲ್ ಹಾಯೋಕೆ ನೋಟದ ಗೆರೆಯ ಸುತ್ತ ಬೇಕಾದ ಜಾಗ) ತ್ರಿಜ್ಯ 5 ಮೀಟರ್. ನೋಟದ ಗೆರೆಯಿಂದ ಕನಿಷ್ಠ 3 ಮೀಟರ್ ಕೆಳಗಿರಬೇಕು ಅಡಿಕೆ ಸೋಗೆ.

ಕುಂದಾಪ್ರ_ಲಿಂಕ್: ಸೈಡ್ ಲೋಬ್‌ಗೆ (ಮುಖ್ಯ ಕಿರಣದ ಪಕ್ಕದ ದುರ್ಬಲ ಕಿರಣ) ಕೂರಿಸಿದ್ರೂ ಇಷ್ಟೇ ಡಿಬಿ ಹೋಗುತ್ತೆ. ಡಿಶ್ ಎಡಬಲ ದೊಡ್ಡದಾಗಿ ತಿರುಗಿಸಿ ನೋಡಿ, ಇನ್ನೊಂದು ಜಾಗದಲ್ಲಿ ಸಿಗ್ನಲ್ ಥಟ್ಟನೆ ಏರಬಹುದು.

ಡಿಬಿಎಂ: ಒಳ್ಳೆ ಮಾತು, ಅದನ್ನೂ ಮಾಡಿ. ಅಗಲ 40ಕ್ಕೆ ಇಳಿಸಿ, ನಾಯ್ಸ್ (ಗದ್ದಲ) 3 ಡಿಬಿ ಕಮ್ಮಿ ಆಗುತ್ತೆ.

ತೋಟದಮನೆ_ಶಿರಸಿ: 40 ಮಾಡಿದೆ. 38ಕ್ಕೆ ನಿಂತಿದೆ, ಬೀಳ್ತಿಲ್ಲ. ಚೈನ್ 1 ಮಾತ್ರ ಹಾಗೇ. ಯಾವ ಡಿಶ್ ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ? ತೋಟದ ಕಡೆಯದು ಮಾತ್ರ ಏಣಿಗೆ ಸಿಗುತ್ತೆ.

ಡಿಬಿಎಂ: ತೋಟದ ಡಿಶ್‌ನ ಫೀಡನ್ನು (ಡಿಶ್ ಮುಂದಿನ ಆಂಟೆನಾ ಭಾಗ) 90 ಡಿಗ್ರಿ ತಿರುಗಿಸಿ, ತೋಟದ ಕಡೆ ರೇಡಿಯೋದ ಪೇಜ್ ನೋಡಿ. ಅಲ್ಲಿ ಚೈನ್ 1 ಈಗಲೂ -84 ಇದ್ರೆ ದೋಷ ತೋಟದ ಡಿಶ್‌ದೇ, ಕನೆಕ್ಟರ್‌ಗೆ ನೀರು ಹೋಗಿದ್ಯಾ ನೋಡಿ. -84 ಚೈನ್ 0ಗೆ ಜಿಗಿದ್ರೆ ಪೇಟೆ ಡಿಶ್ ಮೇಲೆ ಸಂಶಯ. ನೋಡಿದ ಮೇಲೆ ಮೊದಲಿನ ಹಾಗೇ ಕೂರಿಸಿ, ಎರಡೂ ಕಡೆಯ ನಂಬರ್ ಇಲ್ಲೇ ಹಾಕಿ.