ಕಟ್ಟಡದ ಡಿಜಿಟಲ್ ಮಾದರಿ ರಿಪೇರಿ ಕೆಲಸಕ್ಕೆ ಒದಗುತ್ತದೆಯೇ?

ಪ್ರಶ್ನೆ (ಶಿವಮೊಗ್ಗ): ಕಾಲೇಜೊಂದರ ಕಟ್ಟಡಗಳ ನಿರ್ವಹಣೆ ನನ್ನ ಕೆಲಸ. ಹೊಸ ಹಾಸ್ಟೆಲ್ ಮುಗಿಯುವ ಹಂತದಲ್ಲಿದೆ. ಅದರ ಬಿಐಎಂ ಮಾದರಿಯನ್ನೂ, ಅಂದರೆ ಪೈಪು, ಪಂಪುಗಳ ವಿವರ ಸಮೇತ ಇಡೀ ಕಟ್ಟಡದ ಡಿಜಿಟಲ್ ಮಾದರಿಯನ್ನೂ, ಕೊಡುತ್ತೇವೆ ಎನ್ನುತ್ತಿದ್ದಾರೆ ಆರ್ಕಿಟೆಕ್ಟ್. ನಮ್ಮಲ್ಲಿರುವುದು ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್, ಒಂದು ದೂರು ಪುಸ್ತಕ. ಬಳಸಿದವರು ತಿಳಿಸಿ, ಏನನ್ನು ಕೇಳಿ ಪಡೆಯಬೇಕು?

ಸಾಗರ, ಆಸ್ಪತ್ರೆ ಕಟ್ಟಡದ ಮೇಲ್ವಿಚಾರಕ: ಖಂಡಿತ ಪಡೆಯಿರಿ, ಆದರೆ ಪರದೆಯ ಮೇಲೆ ಗಿರಗಿರ ತಿರುಗುವ ಚಿತ್ರಕ್ಕೆ ಮರುಳಾಗಬೇಡಿ. ನಮಗೆ ಬೇಕಾದದ್ದು ಅದರೊಳಗಿನ ಮಾಹಿತಿ: ಪಂಪಿನ ಸೀರಿಯಲ್ ನಂಬರ್, ಅಳವಡಿಸಿದ ದಿನ, ವಾರಂಟಿ ಮುಗಿಯುವ ದಿನ, ಯಾವ ವಾಲ್ವ್ ಮುಚ್ಚಿದರೆ ಎಲ್ಲಿಯ ನೀರು ನಿಲ್ಲುತ್ತದೆ ಎಂಬುದು. ಇವನ್ನು ಕೋಬಿ (COBie) ಎಂಬ, ಕಟ್ಟಡ ನಿರ್ವಹಣೆಯ ಮಾಹಿತಿಯನ್ನು ಪಟ್ಟಿ ಮಾಡುವ ಕ್ರಮದಲ್ಲಿ ಸ್ಪ್ರೆಡ್‌ಶೀಟಾಗಿ ಕೊಡಲು ಹೇಳಿ. ಎಕ್ಸೆಲ್ ಬಲ್ಲವರಿದ್ದರೆ ಸಾಕು. ಮಾದರಿಯನ್ನು ಐಎಫ್‌ಸಿ (IFC) ಫೈಲಾಗಿಯೂ ಪಡೆಯಿರಿ; ಅದು ಯಾವುದೇ ಒಂದು ಕಂಪನಿಯ ತಂತ್ರಾಂಶಕ್ಕೆ ಅಂಟಿಕೊಳ್ಳದ ಫೈಲ್ ನಮೂನೆ. ಅದು ಐಎಸ್‌ಒ 16739 ಮಾನದಂಡದ್ದು, ಉಚಿತ ತಂತ್ರಾಂಶಗಳಲ್ಲೂ ತೆರೆಯುತ್ತದೆ. ಇಲ್ಲದಿದ್ದರೆ ನಿಮ್ಮದೇ ಕಟ್ಟಡ ನೋಡಲು ಲೈಸೆನ್ಸ್‌ಗೆ ದುಡ್ಡು ಕಟ್ಟಬೇಕಾದೀತು.

ಹೋದ ಮಳೆಗಾಲದಲ್ಲಿ ನಮ್ಮ ವಾರ್ಡಿನ ಫಾಲ್ಸ್ ಸೀಲಿಂಗ್ ಒದ್ದೆಯಾಯಿತು. ಟೆರೇಸೇ ಸೋರುತ್ತಿದೆ ಎಂದು ಎಲ್ಲರೂ ತೀರ್ಪು ಕೊಟ್ಟಾಗಿತ್ತು. ಮಾದರಿಯಲ್ಲಿ ನೋಡಿದರೆ ಸರಿಯಾಗಿ ಆ ಕಲೆಯ ಮೇಲೆ ಎಸಿಯ ನೀರು ಹೊರಹೋಗುವ ಪೈಪಿನ ಜೋಡಣೆ. ಒಂದೇ ಹಲಗೆ ಬಿಚ್ಚಿದೆವು. ಜಾಯಿಂಟ್ ಕಳಚಿಕೊಂಡು ತೊಟ್ಟಿಕ್ಕುತ್ತಿತ್ತು.

ಆಡಳಿತ ಮಂಡಳಿ ಖರ್ಚಿನ ತಕರಾರು ತೆಗೆದರೆ ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ (NIST) 2004ರ ವರದಿ ತೋರಿಸಿ. ಕಟ್ಟಡಗಳ ಮಾಹಿತಿ ಒಂದು ಕೈಯಿಂದ ಇನ್ನೊಂದು ಕೈಗೆ ಸರಿಯಾಗಿ ದಾಟದೆ ಅಲ್ಲಿ ವರ್ಷಕ್ಕೆ 1,580 ಕೋಟಿ ಡಾಲರ್ ನಷ್ಟವೆಂದು ಅದು ಅಂದಾಜಿಸಿತ್ತು. ಸುಮಾರು ಮೂರನೇ ಎರಡು ಪಾಲು ಕಟ್ಟಡದ ಮಾಲೀಕರ, ನಿರ್ವಾಹಕರ ತಲೆಯ ಮೇಲೆಯೇ.

ತೀರ್ಥಹಳ್ಳಿ, ಗುತ್ತಿಗೆದಾರ: ನಕ್ಷೆಯಲ್ಲಿರುವುದು ಬೇರೆ, ನಾವು ಕಟ್ಟುವುದು ಬೇರೆ. ಬೀಮ್ ಅಡ್ಡ ಬಂದರೆ ಪೈಪನ್ನು ಪಕ್ಕಕ್ಕೆ ಸರಿಸುತ್ತೇವೆ, ಅದು ಯಾವ ಕಡತಕ್ಕೂ ಏರುವುದಿಲ್ಲ. ಆದ್ದರಿಂದ ಕಟ್ಟಿದ ಮೇಲಿನ ಸ್ಥಿತಿಗೆ ತಿದ್ದಿದ ಮಾದರಿಯನ್ನೇ ಕೇಳಿ. ಗಾರೆ ಮುಚ್ಚುವ ಮೊದಲು ಗೋಡೆಗೆ ಅಳತೆ ಟೇಪ್ ಹಿಡಿದು ಫೋಟೊ ತೆಗೆಸಿ. ಕೊನೆಯ ಬಿಲ್ ಪಾಸು ಮಾಡುವ ಮುನ್ನ ಹತ್ತಾರು ವಾಲ್ವ್‌ಗಳನ್ನು ನೀವೇ ಆರಿಸಿ, ಮಾದರಿಯಲ್ಲಿ ತೋರಿಸಿದಲ್ಲೇ ಇವೆಯೇ ನೋಡಿ. ದುಡ್ಡು ಕೈಸೇರಿದ ಮೇಲೆ ನಮ್ಮವರು ಫೋನ್ ಎತ್ತುವುದಿಲ್ಲ. ಗುತ್ತಿಗೆದಾರನಾದ ನಾನೇ ಹೇಳುತ್ತಿದ್ದೇನೆ.

ಶಿವಮೊಗ್ಗ, ಎಲೆಕ್ಟ್ರಿಷಿಯನ್: ಪಂಪು, ವಾಲ್ವ್‌ಗಳ ಗುರುತಿಗೆ ಕಾಗದದ ಕ್ಯುಆರ್ ಸ್ಟಿಕ್ಕರ್ ಬೇಡ ಸ್ವಾಮಿ. ಪಂಪ್ ಕೋಣೆಯ ಥಂಡಿಗೆ ಆಷಾಢ ಕಳೆಯುವಷ್ಟರಲ್ಲಿ ಅಂಚು ಸುರುಳಿಯಾಗಿ, ಮೇಲೆ ಬೂಷ್ಟು ಬಂದಿರುತ್ತದೆ. ಅಲ್ಯೂಮಿನಿಯಂ ಬಿಲ್ಲೆಗೆ ನಂಬರ್ ಕೊರೆಸಿ ತಂತಿಯಲ್ಲಿ ಕಟ್ಟಿ. ಮಾದರಿಯಲ್ಲೂ ಅದೇ ನಂಬರ್ ಇರಲಿ.

ಹೊಸನಗರ, ಶಾಲಾ ಸಮಿತಿ ಸದಸ್ಯ: ಹಳೆಯ ಕಟ್ಟಡಕ್ಕೆ ಇಷ್ಟೆಲ್ಲ ಬೇಡ. ಇರುವ ಕಟ್ಟಡವನ್ನು ಅಳೆದು ಮಾದರಿ ಮಾಡಲು ಬೇಕಾದ ಲೇಸರ್ ಸ್ಕ್ಯಾನ್‌ನ ದರಪಟ್ಟಿ ನೋಡಿಯೇ ನಾವು ಕೈಬಿಟ್ಟೆವು. ಪಂಪ್, ವಿದ್ಯುತ್ ಪ್ಯಾನೆಲ್, ಮಳೆನೀರಿನ ಪೈಪ್ ಇಷ್ಟನ್ನೇ ನಕ್ಷೆಯಲ್ಲಿ ಗುರುತಿಸಿಕೊಂಡಿದ್ದೇವೆ.

ಪ್ರಶ್ನೆ ಕೇಳಿದವರು: ಉಪಕಾರವಾಯಿತು. ಮುಂದೆ ಪೈಪ್ ಬದಲಿಸಿದಾಗ ಮಾದರಿಯನ್ನು ತಿದ್ದುವವರು ಯಾರು?

ಸಾಗರ: ಬಹಳ ಕಡೆ ಮಾದರಿ ಸಾಯುವುದು ಅಲ್ಲಿಯೇ. ನಮ್ಮ ದೂರು ಪುಸ್ತಕದಲ್ಲಿ ‘ಮಾದರಿ ಬದಲಾಗಬೇಕೇ’ ಎಂಬ ಅಂಕಣ ಹಾಕಿದ್ದೇವೆ. ಪ್ಲಂಬರ್ ಹೌದು ಎಂದು ಬರೆದರೆ ಆ ವಾರವೇ ಸ್ಪ್ರೆಡ್‌ಶೀಟ್ ತಿದ್ದುತ್ತೇವೆ; ಚಿತ್ರವನ್ನು ವರ್ಷಕ್ಕೊಮ್ಮೆ, ಆರಿದ್ರಾ ಮಳೆ ಹಿಡಿಯುವ ಮೊದಲು, ಹೊರಗಿನವರಿಂದ ಒಟ್ಟಿಗೆ ತಿದ್ದಿಸುತ್ತೇವೆ. ಆ ಖರ್ಚನ್ನು ಈಗಲೇ ಬಜೆಟ್ಟಿಗೆ ಸೇರಿಸಿಬಿಡಿ.