ಹಾಸನದ ಮನೆಯ ಬಚ್ಚಲು: ಮೊದಲು ನೀರಿನ ದಾರಿ, ಆಮೇಲೆ ಟೈಲ್ಸ್

ಮಗಳೇ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಫೋಟೋಗಳನ್ನೂ ಪ್ರಶ್ನೆಯನ್ನೂ ನೋಡಿದೆ. ಅಣ್ಣ ಕಟ್ಟಿಸಿದ ಹಾಸನದ ಮನೆಯ ಬಚ್ಚಲಿಗೆ 30 ವರ್ಷವಾಯಿತು, ಬಿಳಿ ಟೈಲ್ಸ್ ಹಳದಿಯಾಗಿದೆ, ಛಾವಣಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿದೆ, ಬಾಗಿಲ ಬಳಿ ನೀರು ನಿಲ್ಲುತ್ತದೆ, ಕೈಯಲ್ಲಿರುವುದು 40,000 ರೂಪಾಯಿ, ಹಳೆಯ ಟೈಲ್ಸ್ ಮೇಲೆಯೇ ಹೊಸದನ್ನು ಅಂಟಿಸಿ ಗಂಡಹೆಂಡತಿ ಸೇರಿ ಮುಗಿಸಿಬಿಡಬಹುದೇ ಎಂದು ಕೇಳಿದ್ದೀಯ. ಬಾಯಲ್ಲೇ ಹೇಳಿ ಕಳುಹಿಸೋಣವೆಂದುಕೊಂಡಿದ್ದೆ. ಆದರೆ ಅಳತೆಗಳ ಮಾತು ಇರುವುದರಿಂದ ಮತ್ತೆ ತೆಗೆದು ನೋಡಲು ಅನುಕೂಲವಾಗಲೆಂದು ಬರೆಯುತ್ತಿದ್ದೇನೆ. ಬಹುಪಾಲು ಕೆಲಸವನ್ನು ನೀವಿಬ್ಬರೇ ಮಾಡಿಕೊಳ್ಳಬಹುದು. ಆದರೆ ದಯವಿಟ್ಟು ಟೈಲ್ಸ್ ಅಂಗಡಿಯಿಂದ ಆರಂಭಿಸಬೇಡಿ.

ಮೂಡಿಗೆರೆ ಕಡೆಯ ನಮ್ಮ ಅಜ್ಜಿಯ ಮನೆಯ ಬಚ್ಚಲು ನಿನಗೆ ನೆನಪಿರಲಾರದು. ಅದು ಮನೆಯ ಹಿಂಬದಿಗೆ ಬೇರೆಯಾಗಿಯೇ ಇತ್ತು, ನೆಲಕ್ಕೆ ಕಲ್ಲು ಚಪ್ಪಡಿ, ಮೇಲೆ ಹೆಂಚು, ಮೂಲೆಯಲ್ಲಿ ಹಂಡೆ. ಬೆಳಗಿನ ಜಾವ ಹಚ್ಚಿದ ಒಲೆಯ ಬಿಸಿಗೆ ಗೋಡೆಗಳು ದಿನವೂ ಒಣಗುತ್ತಿದ್ದವು, ಹೊಗೆಯ ಜೊತೆಗೆ ಹಬೆಯೂ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಆಮೇಲೆ ನಾವೆಲ್ಲ ಬಚ್ಚಲನ್ನು ಮನೆಯೊಳಕ್ಕೆ ತಂದು ಮೇಲೆ ಕಾಂಕ್ರೀಟು ಹಾಕಿದೆವು, ಒಲೆಯನ್ನು ತೆಗೆದೆವು, ಆದರೆ ಆ ಒಲೆ ಮಾಡುತ್ತಿದ್ದ ಒಣಗಿಸುವ ಕೆಲಸವನ್ನು ಯಾರಿಗೂ ವಹಿಸಲಿಲ್ಲ. ನಿನ್ನ ಫೋಟೋದಲ್ಲಿ ಕಾಣುವ ಬೂಷ್ಟಿಗೆ ಮೂಲ ಅಲ್ಲಿದೆ. ಅದರ ಮೇಲೆ ಎಷ್ಟು ಬಣ್ಣ ಬಳಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಮೇಲೆದ್ದು ಬರುತ್ತದೆ.

ಆದ್ದರಿಂದ ಮೊದಲು ಒಂದು ಪರೀಕ್ಷೆ ಮಾಡು. ನೆಲ ಪೂರ್ತಿ ಒಣಗಿದ ಮೇಲೆ ನೀರು ಹೊರಹೋಗುವ ಜಾಲಿಯಿಂದ ಅತಿ ದೂರದ ಮೂಲೆಯಲ್ಲಿ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿದು, ಅಲ್ಲೇ ಕುಳಿತು ಅದು ಎತ್ತ ಹೋಗುತ್ತದೆಂದು ನೋಡು. ನೇರವಾಗಿ ಜಾಲಿಗೆ ಹರಿದು, ಹಿಂದೆ ತೆಳುವಾದ ಪಸೆಯನ್ನು ಮಾತ್ರ ಉಳಿಸಿದರೆ ನೆಲ ಸರಿಯಿದೆ. ಅರ್ಧ ದಾರಿಯಲ್ಲಿ ಹರಡಿಕೊಂಡು ಬಾಗಿಲ ಕಡೆಗೆ ಹೊರಳಿದರೆ, ಮೇಸ್ತ್ರಿಗಳು ಹೇಳುವ ವಾಟ ತಪ್ಪಿದೆ ಎಂದು ಅರ್ಥ. ಅಡಿಗೆ ಕಾಲು ಇಂಚಿನಂತೆ ಇಳಿಜಾರು ಇರಬೇಕು, ಅಂದರೆ ಏಳು ಅಡಿ ಉದ್ದದ ನಿಮ್ಮ ಬಚ್ಚಲಿನಲ್ಲಿ ಈ ತುದಿಗೂ ಆ ತುದಿಗೂ ಸುಮಾರು ಒಂದೂಮುಕ್ಕಾಲು ಇಂಚು. ವಾಟ ತಪ್ಪಿದ ನೆಲದ ಮೇಲೆ ಹೊಸ ಟೈಲ್ಸ್ ಅಂಟಿಸಿದರೆ ಅದೇ ತಪ್ಪು ಅರ್ಧ ಇಂಚು ಮೇಲಕ್ಕೆ ಬರುತ್ತದೆ, ಜೊತೆಗೆ ಹೊಸ್ತಿಲು ತಗ್ಗಾಗಿ ನೀರು ಮಲಗುವ ಕೋಣೆಗೆ ಇನ್ನೂ ಸುಲಭವಾಗಿ ನುಗ್ಗುತ್ತದೆ.

ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ನಾನು ಇದೇ ಕೆಲಸವನ್ನು ಮಾಡಿದೆ. ಹಳೆಯ ನೆಲದ ಮೇಲೆ ಹೊಸ ಟೈಲ್ಸ್ ಕೂರಿಸಿದಾಗ ನೋಡಲು ಬಹಳ ಚೆನ್ನಾಗಿತ್ತು, ಬೇಸಗೆಯಲ್ಲಿ ಏನೂ ತಿಳಿಯಲಿಲ್ಲ. ಜುಲೈನಲ್ಲಿ ಮಳೆ ಹಿಡಿದುಕೊಂಡಾಗ ಪಕ್ಕದ ಕೋಣೆಯ ಗೋಡೆಯ ಕೆಳಭಾಗದಲ್ಲಿ ಬಣ್ಣ ಗುಳ್ಳೆಯೆದ್ದು, ಬೆರಳಿನಿಂದ ಮುಟ್ಟಿದರೆ ಬಿಳಿ ಉಪ್ಪು ಉದುರತೊಡಗಿತು. ಜಾಲಿಯ ಕೆಳಗಿನ ಟ್ರ್ಯಾಪ್ (ವಾಸನೆ ಮೇಲೆ ಬಾರದಂತೆ ಸ್ವಲ್ಪ ನೀರು ಹಿಡಿದಿಡುವ ಭಾಗ) ಮತ್ತು ಕೊಳವೆ ಸೇರುವ ಕಡೆ ಬಿರುಕು ಬಿಟ್ಟು, ಅದೆಷ್ಟು ಕಾಲದಿಂದಲೋ ನೀರು ಒಳಗೊಳಗೇ ಇಳಿಯುತ್ತಿತ್ತು. ಬೇಸಗೆಯಲ್ಲಿ ಆ ತೇವ ಹೇಗೋ ಆರುತ್ತಿದ್ದುದರಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಆರು ತಿಂಗಳೂ ತುಂಬದ ಟೈಲ್ಸನ್ನು ಒಡೆಸುವಾಗ ನಿನ್ನ ಚಿಕ್ಕಮ್ಮ ಬಾಗಿಲಲ್ಲಿ ನಿಂತು ಒಂದು ಮಾತನ್ನೂ ಆಡದೆ ನೋಡುತ್ತಿದ್ದಳು. ಆ ಖರ್ಚು ನಿನಗೆ ಬರಬಾರದು.

ಬಾಗಿಲ ಬಳಿ ನೀರು ನಿಲ್ಲುತ್ತದೆಂದು ನೀನೇ ಹೇಳಿರುವುದರಿಂದ ನೆಲವನ್ನು ಒಡೆಯಬೇಕಾಗಬಹುದು. ಒಡೆಯುವುದನ್ನು ನೀವೇ ಮಾಡಿ, ಆದರೆ ಟ್ರ್ಯಾಪ್ ಬದಲಿಸಿ ವಾಟ ಕೊಟ್ಟು ಗಾರೆ ಹಾಕಲು ಒಬ್ಬ ಒಳ್ಳೆಯ ಮೇಸ್ತ್ರಿಯನ್ನು ಎರಡು ದಿನಕ್ಕೆ ಕರೆಸಿ. ಆ ಕೂಲಿಯಲ್ಲಿ ಉಳಿತಾಯ ನೋಡಬೇಡ. ಗಾರೆ ಗಟ್ಟಿಯಾದ ಮೇಲಿನ ವಾಟರ್‌ಪ್ರೂಫಿಂಗ್ ಮಾತ್ರ ನಿಮ್ಮ ಕೈಯಲ್ಲೇ ಆಗಲಿ, ಏಕೆಂದರೆ ಅದಕ್ಕೆ ಬೇಕಾದದ್ದು ತಾಳ್ಮೆ, ಮತ್ತು ಅದು ಮನೆಯವರಿಗೆ ಇರುವಷ್ಟು ಹೊರಗಿನವರಿಗೆ ಇರುವುದಿಲ್ಲ. ಸಿಮೆಂಟು ಪುಡಿ ಮತ್ತು ಹಾಲಿನಂಥ ದ್ರವ ಎರಡನ್ನೂ ಬೆರೆಸಿ ಬಳಿಯುವ ಲೇಪ ದೊರೆಯುತ್ತದೆ. ನೆಲವನ್ನು ಗುಡಿಸಿ, ನೀರು ಚಿಮುಕಿಸಿ, ನಿಂತ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಮೊದಲ ಸಲ ಉದ್ದಕ್ಕೆ ಬಳಿಯಬೇಕು. ಅದು ಆರಿದ ಮೇಲೆ ಎರಡನೆಯ ಸಲ ಅಡ್ಡಕ್ಕೆ ಬಳಿದರೆ, ಮೊದಲು ಬ್ರಷ್ ತಪ್ಪಿಸಿದ ಸೂಜಿಮೊನೆಯಷ್ಟು ಜಾಗವೂ ಮುಚ್ಚಿಕೊಳ್ಳುತ್ತದೆ. ನೆಲವೂ ಗೋಡೆಯೂ ಸೇರುವ ಮೂಲೆಗೆ ಜಾಳಿಗೆಯ ಪಟ್ಟಿಯನ್ನು ಲೇಪದೊಳಗೆ ಕೂರಿಸಿ, ಗೋಡೆಯ ಮೇಲೂ ಒಂದು ಅಡಿ ಎತ್ತರಕ್ಕೆ ಲೇಪವನ್ನು ತೆಗೆದುಕೊಂಡು ಹೋಗು. ಅದಕ್ಕಾಗಿ ಗೋಡೆಯ ಕೆಳಗಿನ ಸಾಲುಗಳ ಟೈಲ್ಸನ್ನು ಅಷ್ಟೆತ್ತರಕ್ಕೆ ತೆಗೆಯಲೇಬೇಕು. ಡಬ್ಬಿಯ ಮೇಲೆ ಬರೆದಷ್ಟು ದಿನ ಒಣಗಲು ಬಿಟ್ಟು, ಜಾಲಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಕಾಯಿರಿ. ಗುರುತಿನಿಂದ ನೀರು ಗಮನಕ್ಕೆ ಬರುವಷ್ಟು ಇಳಿಯದಿದ್ದರೆ, ಆಮೇಲೆ ಟೈಲ್ಸ್ ತರಬಹುದು.

ಟೈಲ್ಸ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನೆಲಕ್ಕೆ ಒಂದು ಅಡಿ ಚೌಕದ, ಒರಟು ಮೈಯ ಟೈಲ್ಸೇ ಇರಲಿ. ದೊಡ್ಡ ಟೈಲ್ಸನ್ನು ವಾಟಕ್ಕೆ ಹೊಂದಿಸುವುದು ಕಷ್ಟ, ಹೊಳೆಯುವ ಟೈಲ್ಸ್ ಸೋಪು ನೀರಿಗೆ ಜಾರುತ್ತದೆ. ಐದು ಅಡಿಗೆ ಏಳು ಅಡಿ ಎಂದರೆ 35 ಚದರ ಅಡಿ, ಕತ್ತರಿಸುವಾಗ ಹಾಳಾಗುವುದಕ್ಕೆಂದು ನೂರಕ್ಕೆ ಹತ್ತರಂತೆ ಸೇರಿಸಿ 39 ತುಂಡು ಸಾಕು. ಗೋಡೆಯ ಕೆಳಗೆ ತೆಗೆದ ಒಂದು ಅಡಿಗೂ ಇದೇ ಟೈಲ್ಸನ್ನು ಪಟ್ಟಿಯಂತೆ ಹಾಕುವುದಾದರೆ ಇನ್ನೂ 26 ತುಂಡು ಬೇಕಾಗುತ್ತದೆ.

ಉಳಿದ ಗೋಡೆಯನ್ನು ಒಡೆಯಬೇಡ. ಒಂದು ರೂಪಾಯಿ ನಾಣ್ಯ ಹಿಡಿದು ಪ್ರತಿಯೊಂದು ಟೈಲ್ಸನ್ನೂ ತಟ್ಟುತ್ತಾ ಹೋಗು. ಗಟ್ಟಿ ಸದ್ದು ಬಂದರೆ ಅದು ಹಾಗೆಯೇ ಇರಲಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಅವಷ್ಟನ್ನೇ ತೆಗೆದು ಮತ್ತೆ ಅಂಟಿಸಬಹುದು. ಹಳೆಯದಾಗಿ ಕಾಣುವುದಕ್ಕೆ ಟೈಲ್ಸಿಗಿಂತ ನಡುವಿನ ಕಪ್ಪು ಸಂದುಗಳೇ ಹೆಚ್ಚು ಕಾರಣ. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡಿದು ಸಂದುಗಳನ್ನು ಕೆರೆದು, ಧೂಳನ್ನು ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಎಪಾಕ್ಸಿ ಗ್ರೌಟ್ ತುಂಬಿಸು. ಬಿಳಿ ಸಿಮೆಂಟಿಗಿಂತ ಬೆಲೆ ಹೆಚ್ಚು, ಆದರೆ ಅದು ನೀರು ಹೀರುವುದಿಲ್ಲ. ಬೇಗ ಗಟ್ಟಿಯಾಗುವುದರಿಂದ ಒಮ್ಮೆಗೆ ಸ್ವಲ್ಪವೇ ಕಲಸಿಕೊಳ್ಳಬೇಕು.

ಹೇಮಾವತಿ ನೀರು ಬಾರದ ದಿನ ನೀವು ಬೋರ್‌ವೆಲ್ ನೀರನ್ನು ಬಳಸುತ್ತೀರಿ, ಆ ಗಡಸು ನೀರಿನ ಕಲೆ ನಲ್ಲಿಗಳ ಮೇಲೆ ಚೆನ್ನಾಗಿಯೇ ಕಾಣುತ್ತಿದೆ. ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಅದ್ದಿ, ನಲ್ಲಿಗೆ ಅರ್ಧ ಗಂಟೆ ಸುತ್ತಿಟ್ಟರೆ ಕಲೆ ಬಿಡುತ್ತದೆ. ಆಸಿಡ್ ತರಬೇಡ, ಅದು ಟೈಲ್ಸಿನ ಸಂದಿನ ಸಿಮೆಂಟನ್ನೂ ನಲ್ಲಿಯ ಹೊಳಪನ್ನೂ ತಿನ್ನುತ್ತದೆ. ಮನೆಯಲ್ಲಿ ಈಗಾಗಲೇ ಇದ್ದರೂ ಬ್ಲೀಚಿಂಗ್ ಪೌಡರ್ ಜೊತೆಗೆ ಎಂದಿಗೂ ಸೇರಿಸಬೇಡ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಹಳೆಯ ನಲ್ಲಿ ಬಿಚ್ಚುವ ಮುನ್ನ ತಾರಸಿಯ ಟ್ಯಾಂಕಿನ ವಾಲ್ವು ನಿಜವಾಗಿಯೂ ನೀರು ನಿಲ್ಲಿಸುತ್ತದೆಯೇ ಎಂದು ನೋಡಿಕೊಳ್ಳಬೇಕು. ಅಣ್ಣ ಆ ಕಾಲದಲ್ಲಿ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಕೊಳವೆ ಹಾಕಿಸಿದ್ದರು ಎಂದು ನನ್ನ ನೆನಪು. ತುಕ್ಕು ಹಿಡಿದ ಜಿಐನಲ್ಲಿ ಬಲವಾಗಿ ತಿರುಗಿಸಿದರೆ ತಿರುಪಿನ ಭಾಗ ಮುರಿದು ಗೋಡೆಯೊಳಗೇ ಉಳಿಯುತ್ತದೆ. ಆದ್ದರಿಂದ ಹೇಗೂ ನೆಲ ಒಡೆಯುವಾಗಲೇ ಪ್ಲಂಬರನ್ನು ಕರೆಸಿ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಕೊಳವೆಗೆ ಬದಲಿಸಿಬಿಡುವುದು ಒಳ್ಳೆಯದು. ಬಿಸಿನೀರಿಗೂ ಅದು ತಡೆಯುತ್ತದೆ.

ಇನ್ನು ಭಾವನವರು ಗುಂಪಿನಲ್ಲಿ ಸೂಚಿಸಿದ ಗ್ಯಾಸ್ ಗೀಸರಿನ ವಿಷಯ. ಭಾವನವರೇ, ನಿಮ್ಮ ಮಾತಿಗೆ ಎದುರಾಡುತ್ತಿದ್ದೇನೆಂದು ಭಾವಿಸಬಾರದು, ಆದರೆ ಬಚ್ಚಲಿನ ಒಳಗೆ ಅದು ಖಂಡಿತ ಬೇಡ. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಉರಿದ ಗ್ಯಾಸು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಸ್ನಾನಕ್ಕೆ ಹೋದವರಿಗೆ ತಲೆ ಸುತ್ತುವುದರೊಳಗೆ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಈಗಿರುವ ಕರೆಂಟ್ ಗೀಸರೇ ಇರಲಿ. ಅದು 3,000 ವ್ಯಾಟ್‌ನದಾದರೆ 13 ಆಂಪಿಯರ್ ಎಳೆಯುತ್ತದೆ, ಆದ್ದರಿಂದ 16 ಆಂಪಿಯರ್ ಪ್ಲಗ್, ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್ ಕರೆಂಟ್ ಸೋರಿದರೆ ತಾನಾಗಿ ಬಿದ್ದು ಲೈನು ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಇವೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿ. ಈ ಕೆಲಸಕ್ಕೆ ನೀವಿಬ್ಬರೂ ಕೈಹಾಕಬೇಡಿ.

ಅವರು ಬಂದಾಗಲೇ ಎಕ್ಸಾಸ್ಟ್ ಫ್ಯಾನಿಗೂ ಲೈನು ಎಳೆಸಿಕೋ. ಅಜ್ಜಿಯ ಮನೆಯ ಒಲೆ ಮಾಡುತ್ತಿದ್ದ ಕೆಲಸವನ್ನು ನಮ್ಮ ಕಾಲದಲ್ಲಿ ಮಾಡುವುದು ಅದೇ. ಸ್ನಾನವಾದ ಮೇಲೂ ಅರ್ಧ ಗಂಟೆ ತಿರುಗಲಿ, ಬಾಗಿಲ ಕೆಳಗೆ ಗಾಳಿ ಒಳಬರಲು ಅರ್ಧ ಇಂಚು ಸಂದು ಇರಲಿ. ಛಾವಣಿಯ ಬೂಷ್ಟನ್ನು ಕೆರೆದು, ತೊಳೆದು, ಪೂರ್ತಿ ಒಣಗಿದ ನಂತರವೇ ಬೂಷ್ಟು ತಡೆಯುವ ಬಣ್ಣ ಬಳಿಯಬೇಕು. ಫೆಬ್ರುವರಿ ಮುಗಿಯುತ್ತಿದೆ. ಹಾಸನದಲ್ಲಿ ಸಕಲೇಶಪುರದಷ್ಟು ಮಳೆ ಇಲ್ಲದಿದ್ದರೂ, ಜೂನ್ ಬಂದರೆ ಏನನ್ನೂ ಒಣಗಿಸುವುದು ಕಷ್ಟ, ಆದ್ದರಿಂದ ಮಾರ್ಚ್‌ನಲ್ಲೇ ಕೆಲಸ ಹಿಡಿಯಿರಿ.

ಹಣ ಉಳಿದರೆ ಕನ್ನಡಿ, ಹೊಸ ವಾಷ್ ಬೇಸಿನ್. ಉಳಿಯದಿದ್ದರೆ ಅವು ಮುಂದಿನ ವರ್ಷಕ್ಕಿರಲಿ, ಆದರೆ ಅತ್ತಿಗೆಯ ಮೊಣಕಾಲು ನೋವಿಗಾಗಿ ಕಮೋಡಿನ ಪಕ್ಕದ ಹಿಡಿಕೆಯನ್ನು ಮುಂದೂಡಬೇಡ. ಗಾಳಿಯೊತ್ತಡದಿಂದ ಅಂಟಿಕೊಳ್ಳುವ ಹಿಡಿಕೆಗಳನ್ನು ನಂಬಬಾರದು. ಸ್ಟೀಲಿನದನ್ನು ಇಟ್ಟಿಗೆಯವರೆಗೆ ರಂಧ್ರ ಕೊರೆದು ಬೋಲ್ಟಿನಿಂದಲೇ ಬಿಗಿಯಬೇಕು. ಭಾನುವಾರ ನಾನು ಡ್ರಿಲ್ ಯಂತ್ರ ತೆಗೆದುಕೊಂಡು ಬರುತ್ತೇನೆ. ಅಷ್ಟರಲ್ಲಿ ಆ ಒಂದು ಚೊಂಬು ನೀರಿನ ವೀಡಿಯೊ ಮಾಡಿ ಇಲ್ಲಿ ಹಾಕು, ಮತ್ತು ಅತ್ತಿಗೆ ಕಮೋಡಿನ ಮೇಲೆ ಕುಳಿತು ಏಳುವಾಗ ಅವರ ಕೈ ತಾನಾಗಿ ಗೋಡೆಯನ್ನು ಎಲ್ಲಿ ಹುಡುಕುತ್ತದೋ ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿಡು.