ಪದ ಬೇಕಿದೆ: ಒಂದು ದಿನದ್ದು ಹವಾಮಾನ, ಮೂವತ್ತು ವರ್ಷದ್ದು ಏನು?

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ಗುರುವಾರ ಬೆಳಿಗ್ಗೆ ಬೋರ್ಡ್ ಮಾಡುವವರಿಗೆ ಬರಹ ಕೊಡಬೇಕು. ಅಕ್ರಿಲಿಕ್‌ನಲ್ಲಿ ಅಕ್ಷರ ಕತ್ತರಿಸಿ ಅಂಟಿಸುತ್ತಾರೆ, ಆಮೇಲೆ ತಿದ್ದಲು ಆಗುವುದಿಲ್ಲ.

ನಾನು ಬೆಂಗಳೂರಿನ ಒಂದು ವಿಜ್ಞಾನ ಮ್ಯೂಸಿಯಂನಲ್ಲಿದ್ದೇನೆ. ಮಕ್ಕಳು ಮುಟ್ಟಿ, ತಿರುಗಿಸಿ, ಒತ್ತಿ ನೋಡುವಂಥದ್ದು. ನನ್ನ ಕೆಲಸ ಮಳೆ-ಬಿಸಿಲಿನ ಬಹಳ ವರ್ಷಗಳ ಲೆಕ್ಕವನ್ನು ಅವರ ಕೈಗೆ ಸಿಗುವ ಹಾಗೆ ಮಾಡುವುದು. ಹವಾಮಾನ ವಿಜ್ಞಾನಿ ಅಂದರೆ ಸಾಕು, ನಾಳೆ ಮಳೆ ಬರುತ್ತಾ ಮೇಡಂ ಅಂತ ಕೇಳುತ್ತಾರೆ. ನಾನು ಮಾಡುವುದು ಆ ಕೆಲಸ ಅಲ್ಲ. ತೊಂದರೆ ಇರುವುದೇ ಅಲ್ಲಿ.

ಈಗ ಮಾಡುತ್ತಿರುವ ಆಟ ಹೀಗಿದೆ. ಗಾಜಿನ ಗೋಡೆಯ ಹಿಂದೆ ಸಾಲಾಗಿ ಕೊಳವೆಗಳು. ಬಟನ್ ಒತ್ತಿದರೆ ಒಂದು ಗೋಲಿ ಬೀಳುತ್ತದೆ. ಒಂದು ಗೋಲಿ ಅಂದರೆ ಬೆಂಗಳೂರಿನ ಏಪ್ರಿಲ್ ತಿಂಗಳ ಒಂದು ದಿನ. ಆ ದಿನದ ಗರಿಷ್ಠ ತಾಪ ಎಷ್ಟಿತ್ತೋ ಆ ಕೊಳವೆಗೆ ಹೋಗಿ ಬೀಳುತ್ತದೆ. 1991ರಿಂದ 2020ರವರೆಗೆ ಮೂವತ್ತು ಏಪ್ರಿಲ್, ಒಟ್ಟು 900 ಗೋಲಿ. ಎಲ್ಲಾ ಬಿದ್ದ ಮೇಲೆ 34 ಡಿಗ್ರಿಯ ಆಸುಪಾಸಿನಲ್ಲಿ ದೊಡ್ಡ ಗುಡ್ಡೆ. ಬಲತುದಿಯಲ್ಲಿ ಒಂಟಿಯಾಗಿ ಒಂದು ಗೋಲಿ, ಅದು 2016ರ ಏಪ್ರಿಲ್ 24, ಅವತ್ತು 39.2 ಡಿಗ್ರಿ. ಗೋಲಿಗೆ ಒಂದು ಹೆಸರು, ಗುಡ್ಡೆಗೆ ಇನ್ನೊಂದು ಹೆಸರು ಬೇಕು. ಪತ್ರಿಕೆಗಳು ಎರಡಕ್ಕೂ ಹವಾಮಾನ ಅನ್ನುತ್ತವೆ. ಎರಡೂ ಕಡೆ ಅದನ್ನೇ ಬರೆದರೆ ಈ ಆಟ ಕಟ್ಟಿದ್ದೇ ದಂಡ. ಹತ್ತು ವರ್ಷದ ಮಗು ನಿಂತುಕೊಂಡೇ ಓದುವಂಥ ಪದ ಕೊಡಿ.

*

ವಾಯುಗುಣ. ಹೈಸ್ಕೂಲಿನ ಭೂಗೋಳ ಪುಸ್ತಕದಲ್ಲಿ "ಭಾರತದ ವಾಯುಗುಣ" ಅಂತ ಪಾಠವೇ ಇದೆ. ಇದ್ದ ಪದ ಬಿಟ್ಟು ಇಲ್ಲದ್ದನ್ನು ಹುಡುಕುವ ಚಟ ಈ ಗುಂಪಿಗೆ ಯಾಕೆ?

*

ಸರ್, ಪುಸ್ತಕದಲ್ಲಿದ್ದರೆ ಸಾಕಾ? ಪರೀಕ್ಷೆ ಮುಗಿದ ಮೇಲೆ ಯಾರ ಬಾಯಲ್ಲೂ ವಾಯುಗುಣ ಕೇಳಿಲ್ಲ. ನನ್ನ ಮತ ಹವಾಗುಣಕ್ಕೆ.

ಹವಾ ಅರಬ್ಬಿಯಿಂದ ಪಾರಸಿ ದಾರಿಯಲ್ಲಿ ಬಂದದ್ದು. ಬಂದು ನಮ್ಮದೇ ಆಗಿದೆ. "ಆ ಊರಿನ ಹವಾ ನನಗೆ ಒಗ್ಗಲಿಲ್ಲ" ಅನ್ನುತ್ತೇವಲ್ಲ, ಅಲ್ಲಿ ಹವಾ ಅಂದರೆ ಇವತ್ತಿನ ಗಾಳಿ ಅಲ್ಲ, ಆ ಊರಿನ ಕಾಯಂ ಸ್ವಭಾವ. ಮೇಡಂ ಕೇಳುತ್ತಿರುವುದು ಇದೇ ಅರ್ಥವನ್ನು. ಉರ್ದುವಿನ ಆಬೋಹವಾ ಅಂದರೆ ನೀರು ಮತ್ತು ಗಾಳಿ, ಹಿಂದಿಯ ಜಲವಾಯುವಿಗೂ ಅದೇ ಅರ್ಥ. ಇಂಗ್ಲಿಷಿನವರ ಕ್ಲೈಮೇಟ್ ಗ್ರೀಕ್ ಪದ, ಮೂಲದಲ್ಲಿ ಇಳಿಜಾರು, ಓರೆ ಅಂತ. ಬಿಸಿಲು ಯಾವ ಊರಿಗೆ ಎಷ್ಟು ಓರೆಯಾಗಿ ಬೀಳುತ್ತದೆ ಅನ್ನುವ ಲೆಕ್ಕದಿಂದ ಬಂದದ್ದು. ಮಾನ್ಸೂನ್ ಕೂಡ ಅರಬ್ಬಿಯ ಮೌಸಿಮ್, ಹಡಗಿನವರ ಬಾಯಲ್ಲಿ ಪೋರ್ಚುಗೀಸಿಗೆ ಹೋಗಿ ಇಂಗ್ಲಿಷಿಗೆ ಬಂತು. ಮಳೆ-ಗಾಳಿಯ ಪದಗಳು ಯಾವಾಗಲೂ ಗಾಳಿಯ ಜೊತೆಗೇ ಓಡಾಡಿವೆ. ತಡೆಯಲು ಹೋಗಬೇಡಿ.

*

ಒಂದು ಕಡೆ ಸಂಸ್ಕೃತ, ಇನ್ನೊಂದು ಕಡೆ ಅರಬ್ಬಿ. ಕನ್ನಡದ ಗಾಳಿಗೆ ಏನಾಗಿದೆ? ತಮಿಳಿನ ಕಾಲ್, ತೆಲುಗಿನ ಗಾಲಿ ಇದರ ನೆಂಟರು. ಹಳಗನ್ನಡದಲ್ಲಿ ಎಲರ್ ಇತ್ತು, ಅದನ್ನೂ ಕಳೆದುಕೊಂಡೆವು. ಗಾಳಿಪಾಡು ಅನ್ನಿ. ಏರ್ಪಾಡು, ಮಾರ್ಪಾಡು ಇದ್ದ ಹಾಗೆ. ಗಾಳಿಪಾಡಿನ ಮಾರ್ಪಾಡು, ಎಷ್ಟು ಚೆನ್ನಾಗಿದೆ ನೋಡಿ. ತಮಿಳರು ದಿನದ್ದಕ್ಕೆ ವಾನಿಲೈ, ದೀರ್ಘಕಾಲದ್ದಕ್ಕೆ ಕಾಲನಿಲೈ ಅಂತ ತಮ್ಮ ಬೇರಿನಿಂದಲೇ ಮಾಡಿಕೊಂಡರು. ನಮಗೆ ಮಾತ್ರ ಸಾಲ ಬೇಕು.

*

ಕಾಲನಿಲೈಯ ಕಾಲ ಸಂಸ್ಕೃತ. ನಿಮ್ಮ ಉದಾಹರಣೆಯಲ್ಲೇ ಸಾಲ ಇದೆ.

ಪಾಡು ಅನ್ನುವುದು ಇವತ್ತು ಬರೀ ಕಷ್ಟದ ಪದ. ನಾಯಿಪಾಡು, ಹೊಟ್ಟೆಪಾಡು, ನನ್ನ ಪಾಡು ಯಾರಿಗೂ ಬೇಡ. ಮಕ್ಕಳಿಗೆ ಅದೇ ನೆನಪಾಗುವುದು. ಅಕ್ಕಪಕ್ಕದವರನ್ನು ನೋಡಿದರೂ ಎಲ್ಲರಿಗೂ ಇದೇ ತಲೆನೋವು. ಮಲಯಾಳಿಗಳು ಎರಡಕ್ಕೂ ಕಾಲಾವಸ್ಥ ಅನ್ನುತ್ತಾರೆ. ಮರಾಠಿಯಲ್ಲಿ ನಮ್ಮದೇ ಹವಾಮಾನ. ತೆಲುಗಿನಲ್ಲಿ ಶೀತೋಷ್ಣಸ್ಥಿತಿ ಬೇರೆಯಾಗಿ ಇದೆ, ಆದರೆ ಅದರಲ್ಲಿ ಚಳಿ ಇದೆ, ಬಿಸಿ ಇದೆ, ಮಳೆಯೇ ಇಲ್ಲ.

*

ವಿಷಯಕ್ಕೆ ಸ್ವಲ್ಪ ಹೊರಗೆ. ಮ್ಯೂಸಿಯಂ ಅಂತ ಯಾಕೆ? ವಸ್ತುಸಂಗ್ರಹಾಲಯ ಇದೆ. ಕಸ್ತೂರ್ಬಾ ರಸ್ತೆಯಲ್ಲಿ 1962ರಿಂದ ಇರುವ ವಿಶ್ವೇಶ್ವರಯ್ಯನವರ ಹೆಸರಿನ ಮ್ಯೂಸಿಯಂಗೂ ಕನ್ನಡದಲ್ಲಿ ಅದೇ ಹೆಸರು.

*

ಮತ್ತೆ ನಾನೇ. ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ.

ಮೊದಲು ಮ್ಯೂಸಿಯಂ ವಿಷಯ. ಸಂಗ್ರಹಾಲಯ ಅಂದರೆ ವಸ್ತುಗಳನ್ನು ಕೂಡಿಟ್ಟ ಮನೆ. ನಮ್ಮಲ್ಲಿ ಕೂಡಿಟ್ಟ ವಸ್ತು ಕಡಿಮೆ. ಆಡುವುದೇ ಜಾಸ್ತಿ. ಕಟ್ಟಡದ ಮೇಲೆ ಏನಾದರೂ ಇರಲಿ, ಮಕ್ಕಳೆಲ್ಲಾ ಮ್ಯೂಸಿಯಂ ಅಂತಲೇ ಅನ್ನುತ್ತಾರೆ. ಅದನ್ನು ಬಿಡೋಣ.

ನಿನ್ನೆ ಹವಾಗುಣ, ವಾಯುಗುಣ, ಗಾಳಿಪಾಡು ಮೂರನ್ನೂ ಕಾಗದದಲ್ಲಿ ಬರೆದು ಗುಡ್ಡೆಯ ಕೆಳಗೆ ಒಂದೊಂದಾಗಿ ಅಂಟಿಸಿ ನೋಡಿದೆ. ಸರ್ಕಾರಿ ಶಾಲೆಯ ಏಳನೇ ಕ್ಲಾಸಿನವರು ಬಂದಿದ್ದರು. ಗಾಳಿಪಾಡು ಓದಿ ಎಲ್ಲರೂ ಫ್ಯಾನ್ ಹುಡುಕಿದರು, ಗಾಳಿ ಬೀಸುವ ಆಟ ಅಂದುಕೊಂಡು. ಪದದ ಮೇಲೆ ನನಗೆ ಸಿಟ್ಟಿಲ್ಲ, ಓದಲು ಹಾಯಾಗಿದೆ. ಆದರೆ ಗಾಳಿಪಾಡು ಅಂದರೇನು ಅಂತ ಹೇಳಲು ಇನ್ನೊಂದು ಬೋರ್ಡ್ ಬೇಕಾಗುತ್ತದೆ. ನನಗೆ ಹವಾಗುಣವೇ ಜಾಸ್ತಿ ಇಷ್ಟವಿತ್ತು, ಸರ್ ಹೇಳಿದ "ಹವಾ ಒಗ್ಗಲಿಲ್ಲ" ಅನ್ನುವ ಮಾತಿಗೆ ಸೋತಿದ್ದೆ. ಮೇಲೆ ಹವಾಮಾನ, ಕೆಳಗೆ ಹವಾಗುಣ ಇಟ್ಟಾಗ ಅರ್ಧದಷ್ಟು ಮಕ್ಕಳಿಗೆ ಎರಡೂ ಬೇರೆ ಪದ ಅಂತ ಗೊತ್ತೇ ಆಗಲಿಲ್ಲ. ದೂರದಿಂದ ಒಂದೇ ಥರ ಕಾಣುತ್ತವೆ. ಮೊದಲ ಎರಡು ಅಕ್ಷರ ಓದಿ ಮುಂದೆ ಓಡುತ್ತಾರೆ.

ವಾಯುಗುಣ ಹಾಕಿದಾಗ ಒಬ್ಬಳು ನಿಂತಳು. "ಮಿಸ್, ಗುಣ ಅಂದ್ರೆ ಇದು ಒಳ್ಳೇದಾ ಕೆಟ್ಟದ್ದಾ?" ಅಂದಳು. ನನಗೆ ಬೇಕಾದ ಪ್ರಶ್ನೆ ಅದೇ. ನಿನ್ನ ಗೆಳತಿ ಒಂದು ದಿನ ರೇಗಿದರೆ ಅದು ಅವಳ ಗುಣವಾ ಅಂತ ಕೇಳಿದೆ. ಅಲ್ಲ ಮಿಸ್, ಅವತ್ತು ಏನೋ ಆಗಿರುತ್ತೆ ಅಂದಳು. ಆಮೇಲೆ ಅವಳೇ ಆ 39.2ರ ಒಂಟಿ ಗೋಲಿ ತೋರಿಸಿ "ಇದು ಅವತ್ತಿನ ಸಿಟ್ಟು" ಅಂದಳು. ಗುಡ್ಡೆಗೇ ಗುಡ್ಡೆ ಬಲಕ್ಕೆ ಸರಿದರೆ ಮಾತ್ರ ಗುಣ ಬದಲಾಯಿತು ಅನ್ನಬೇಕು, ಇಷ್ಟನ್ನು ಮಾತ್ರ ನಾನು ಹೇಳಿದೆ.

ಹಾಗಾಗಿ ಗೋಲಿಗೆ "ಆ ದಿನದ ಹವಾಮಾನ", ಗುಡ್ಡೆಗೆ "ಊರಿನ ವಾಯುಗುಣ". ಪಠ್ಯಪುಸ್ತಕದಲ್ಲಿ ಇದೆ ಅನ್ನುವುದಕ್ಕಿಂತ ಅದರಲ್ಲಿ ಗುಣ ಇದೆ ಅನ್ನುವುದು ನನಗೆ ಮುಖ್ಯ. ಬಾಯಲ್ಲಿ ಇಲ್ಲ ಅನ್ನುವ ದೂರು ನಿಜ, ಮಕ್ಕಳ ಬಾಯಿಗೆ ಬರಲಿ ಅಂತಲೇ ಬರೆಸುತ್ತಿದ್ದೇನೆ.

ಪತ್ರಿಕೆಯಲ್ಲಿ ಇರುವವರಲ್ಲಿ ಒಂದು ಮಾತು. ಒಂದು ಜೋರು ಮಳೆಗೂ ಹವಾಮಾನ ವೈಪರೀತ್ಯ, ಭೂಮಿ ಬಿಸಿಯಾಗುತ್ತಿರುವುದಕ್ಕೂ ಹವಾಮಾನ ವೈಪರೀತ್ಯ ಅಂತ ಬರೆಯಬೇಡಿ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕೈಗಾರಿಕೆ ಬರುವ ಮೊದಲು ಹತ್ತು ಲಕ್ಷಕ್ಕೆ ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ. ಅದು ಒಂದು ದಿನದ ಸಿಟ್ಟಲ್ಲ. ಎರಡಕ್ಕೂ ಒಂದೇ ಹೆಸರಿದ್ದರೆ, ಒಂದು ವಾರ ಚಳಿ ಬಿದ್ದ ಕೂಡಲೇ "ಎಲ್ಲಿ ನಿಮ್ಮ ಬಿಸಿ" ಅಂತ ಜನ ಕೇಳುತ್ತಾರೆ. ನನ್ನನ್ನು ವಾರಕ್ಕೊಮ್ಮೆ ಯಾರಾದರೂ ಕೇಳುತ್ತಾರೆ.

ಕೊನೆಗೆ ಇನ್ನೊಂದು ಉಳಿದಿದೆ, ಅದಕ್ಕೂ ಗುರುವಾರವೇ ಗಡುವು. ಬಟನ್ ಮೇಲೆ "ಒತ್ತಿ" ಸಾಕಾ, "ಒತ್ತಿರಿ" ಬೇಕಾ?